ರಸ್ತೆ ಯಾರಪ್ಪನ ಸೊತ್ತು?

ಬೆಳಿಗ್ಗೆ ಹೊತ್ತು ಭದ್ರಾವತಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಿ. ಕಾಗದದ ಕಾರ್ಖಾನೆ ಮುಚ್ಚಿತು, ಉಕ್ಕಿನ ಕಾರ್ಖಾನೆ ಸೊರಗಿತು. ಈಗ ದುಡಿಮೆ ಬೇಕೆಂದರೆ ಬಸ್ಸು ಹತ್ತಬೇಕು. ಮಾಚೇನಹಳ್ಳಿಯ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಗಾರೆ ಕೆಲಸದವರು, ಚೀಟಿ ಹಿಡಿದು ಮೆಗ್ಗಾನ್ ಆಸ್ಪತ್ರೆಗೆ ಹೊರಟ ಮುದುಕಿಯರು, ಕಾಲೇಜಿನ ಹುಡುಗರು, ಎಲ್ಲರೂ ಒಂದೇ ಬಾಗಿಲಿಗೆ ಜೋತುಬಿದ್ದಿರುತ್ತಾರೆ. ಶಿವಮೊಗ್ಗ ಹತ್ತಿರವಾದಂತೆ ಆ ಬಸ್ಸು ಬಿ.ಎಚ್. ರಸ್ತೆಯಲ್ಲಿ ತೆವಳುತ್ತದೆ. ಮುಂದೆ ಕಾರು, ಪಕ್ಕದಲ್ಲಿ ಕಾರು, ಬಸ್ ನಿಲ್ಲುವ ಜಾಗದಲ್ಲೇ ನಿಲ್ಲಿಸಿ ಹೋದ ಕಾರು. ಒಂದೊಂದರಲ್ಲಿ ಒಬ್ಬೊಬ್ಬ ಧಣಿ.

ಬಸ್ಸಿನೊಳಗಿನ ಅರವತ್ತು ಜನ ಕಾರಿನೊಳಗಿನ ಒಬ್ಬನಿಗಾಗಿ ಯಾಕೆ ಕಾಯಬೇಕು? ನಾವು ಕೇಳುತ್ತಿದ್ದೇವೆ, ಹೇಳಿ.

ರಸ್ತೆಯ ಜಗಳ ನಮಗೆ ಹೊಸದಲ್ಲ. ಊರ ಬೀದಿಯಲ್ಲಿ ಚಪ್ಪಲಿ ಕೈಗೆತ್ತಿಕೊಂಡು ನಡೆದವರ ಮಕ್ಕಳು ನಾವು. 1893ರಲ್ಲಿ ತಿರುವಾಂಕೂರಿನ ಅಯ್ಯನ್‌ಕಾಳಿ, ತನ್ನ ಜನಕ್ಕೆ ಮುಚ್ಚಿದ್ದ ರಸ್ತೆಗೆ ಎತ್ತಿನ ಗಾಡಿ ಹೂಡಿಕೊಂಡು ಇಳಿದ. 1924ರಲ್ಲಿ ವೈಕಂ ಸತ್ಯಾಗ್ರಹ ನಡೆದದ್ದು ಗುಡಿಯ ಸುತ್ತಲಿನ ರಸ್ತೆಗಾಗಿ. ಇವತ್ತು ಬಿ.ಎಚ್. ರಸ್ತೆಯಲ್ಲಿ ಯಾರೂ ಬೋರ್ಡು ಹಾಕಿ ನಮ್ಮನ್ನು ತಡೆಯುವುದಿಲ್ಲ. ರಸ್ತೆಯನ್ನೇ ತುಂಬಿಕೊಂಡು ತಡೆಯುತ್ತಾರೆ. ಇದಕ್ಕೂ ಜಾತಿಗೂ ಏನ್ರೀ ಸಂಬಂಧ ಅನ್ನುವವರು, ಬಾಗಿಲಲ್ಲಿ ನೇತಾಡುವವರು ಯಾವ ಕೇರಿಯವರು, ಗಾಜು ಏರಿಸಿ ಕೂತವರು ಯಾವ ಬಡಾವಣೆಯವರು ಅಂತ ಒಮ್ಮೆ ಎಣಿಸಿ ನೋಡಲಿ.

ನಾವು ಕೇಳುವುದು ಬಸ್ಸಿಗೊಂದು ಮೀಸಲು ಪಥ. ಮೀಸಲು ಅಂದ ಕೂಡಲೇ ಉಳ್ಳವರಿಗೆ ಹೊಟ್ಟೆಯುರಿ. 2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. 3.2 ಕಿ.ಮೀ. ರನ್‌ವೇ ವಿಮಾನಕ್ಕೇ ಮೀಸಲು. ಅಲ್ಲಿ ಕಾರು ನಿಲ್ಲಿಸುತ್ತೇನೆ ಅಂತ ಯಾರೂ ಹಟ ಹಿಡಿದಿಲ್ಲ. ಹಾರುವವರಿಗೆ ಮೀಸಲು ಆದೀತು, ನೇತಾಡುವವರಿಗೆ ಆಗದೋ?

ಬೇರೆ ಊರುಗಳ ಕಥೆ ನಮಗೆ ಗೊತ್ತಿದೆ. ದಿಲ್ಲಿಯಲ್ಲಿ 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ 5.8 ಕಿ.ಮೀ. ಬಸ್ ಪಥ ಮಾಡಿದರು. ಕಾರಿಗೆ ಜಾಗ ಸಾಲದೆಂದು ಕೋರ್ಟಿಗೆ ಹೋದರು. 2012ರಲ್ಲಿ ಹೈಕೋರ್ಟು ಬಸ್ಸಿನ ಪರ ತೀರ್ಪಿತ್ತಿತು. 2016ರಲ್ಲಿ ಸರ್ಕಾರವೇ ಪಥವನ್ನು ಕಿತ್ತುಹಾಕಿತು! ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2019ರಲ್ಲಿ ಮಾಡಿದ ಬಸ್ ಪಥ ಕೋವಿಡ್ಡು, ಮೆಟ್ರೋ ಕಾಮಗಾರಿಗಳ ನಡುವೆ ಅಳಿಸಿಹೋಯಿತು. ನಮ್ಮಂತೆಯೇ ಅವಳಿ ಊರುಗಳಾದ ಹುಬ್ಬಳ್ಳಿ–ಧಾರವಾಡದ ನಡುವೆ 2018ರಲ್ಲಿ ಚಿಗರಿ ಬಸ್ಸು ತನ್ನದೇ ದಾರಿಯಲ್ಲಿ ಓಡತೊಡಗಿತು. ಆ ದಾರಿಯನ್ನೂ ಎಲ್ಲ ಗಾಡಿಗೆ ಬಿಡಿ ಎಂಬ ಕೂಗು ಅಲ್ಲೂ ಎದ್ದಿತು. ಬಡವರ ಪಾಲು ಕೋರ್ಟಿನಲ್ಲಿ ಗೆದ್ದರೆ ಸಾಲದು, ದಿನಾ ಕಾಯಬೇಕು.

ರಸ್ತೆ ಕಿರಿದು ಅಂತಾರೆ. ಗಾಂಧಿ ಬಜಾರಿನಲ್ಲಿ ಪಥ ಕೇಳುವಷ್ಟು ದಡ್ಡರಲ್ಲ ನಾವು. ಅಗಲವಿರುವ ಕಡೆ, ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ, ಒಂದು ಪಥವನ್ನು ಬಸ್ಸಿಗೂ ಆಂಬುಲೆನ್ಸಿಗೂ ಬಿಡಿ. ಬಣ್ಣ ಬಳಿಯಿರಿ, ಪೊಲೀಸರನ್ನು ನಿಲ್ಲಿಸಿ. ಕಾರು ನಿಲ್ಲಿಸೋಕೆ ಅಗಲವಾಗುವ ರಸ್ತೆ ಬಸ್ಸು ಓಡೋಕೆ ಕಿರಿದಾಗುವುದು ಯಾವ ಸೀಮೆ ಲೆಕ್ಕ?

ಇನ್ನೊಂದು ಮಾತು. ಪಥದ ನೆಪದಲ್ಲಿ ತಳ್ಳುಗಾಡಿಯವರನ್ನು ಎತ್ತಂಗಡಿ ಮಾಡಿದರೆ ನಾವೇ ಅಡ್ಡ ಮಲಗುತ್ತೇವೆ. ಅವರೂ ನಮ್ಮವರೇ. ತೆಗೆಸಬೇಕಾದದ್ದು ನಿಂತ ಕಾರು, ನಿಂತು ದುಡಿಯುವವರನ್ನಲ್ಲ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಪುಕ್ಕಟೆ ಟಿಕೆಟ್ ಬಂತು, ಒಳ್ಳೆಯದೇ. ಅದು ಸರ್ಕಾರಿ ಬಸ್ಸಿಗೆ ಮಾತ್ರ. ಖಾಸಗಿ ಬಸ್ಸನ್ನೇ ನಂಬಿದ ನಮ್ಮ ಜಿಲ್ಲೆಗೆ ಸರ್ಕಾರಿ ಬಸ್ಸು ಹೆಚ್ಚು ಬರಲಿ. ಬಂದ ಬಸ್ಸು ಕಾರಿನ ಹಿಂದೆ ಕೊಳೆಯದಿರಲಿ. ತಡವಾಗಿ ಹೋದವಳ ಅರ್ಧ ದಿನದ ಕೂಲಿ ಯಾವ ಟಿಕೆಟ್ಟೂ ತುಂಬಿಕೊಡುವುದಿಲ್ಲ.

1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದ ಊರು ಭದ್ರಾವತಿ. ಭೂಮಿಯ ಪಾಲು ಕೇಳಲು ಕಲಿಸಿದ ಊರು. ರಸ್ತೆಯೂ ಭೂಮಿಯೇ. ಅದನ್ನು ಹಂಚುವಾಗ ತಲೆ ಎಣಿಸಿ, ಚಕ್ರ ಎಣಿಸಬೇಡಿ.