ಕನ್ನಡ ಮಾಧ್ಯಮದಿಂದ ಬಂದ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ವೈದ್ಯಕೀಯ ಇಂಗ್ಲಿಷ್ ಕಲಿಸಲು ಕೋರಿ ಮನವಿ ಪತ್ರ

ಇವರಿಗೆ:
ಮಾನ್ಯ ಕುಲಪತಿಗಳು,
ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ,
ಜಯನಗರ, ಬೆಂಗಳೂರು.

ಇವರಿಂದ:
ಕನ್ನಡ ಮಾಧ್ಯಮದಲ್ಲಿ ಓದಿ ವೈದ್ಯಕೀಯ ಕಾಲೇಜು ಸೇರಿದ ವಿದ್ಯಾರ್ಥಿಗಳು, ಅವರ ಪೋಷಕರು ಹಾಗೂ ಅವರಿಗೆ ಪಾಠ ಹೇಳುವ ಕೆಲವು ಅಧ್ಯಾಪಕರು.

ಮಾನ್ಯರೇ,

ಒಂದರಿಂದ ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿದವರಿಗೆ ಸರ್ಕಾರಿ ಕೋಟಾದ ಸೀಟುಗಳಲ್ಲಿ ಶೇ. 5ರಷ್ಟು, ಹಳ್ಳಿ ಶಾಲೆಗಳಲ್ಲಿ ಓದಿದವರಿಗೆ ಶೇ. 15ರಷ್ಟು ಮೀಸಲಾತಿ ಇದೆ. ನೀಟ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಇವುಗಳ ಬಲದಿಂದ, ಜೊತೆಗೆ ತಮ್ಮ ಓದಿನ ಬಲದಿಂದ, ಮನೆಯಲ್ಲೇ ಮೊದಲಿಗರಾಗಿ ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳು ಇಂದು ಎಂಬಿಬಿಎಸ್ ಓದುತ್ತಿದ್ದಾರೆ. ತರಗತಿ ಶುರುವಾದ ದಿನದಿಂದ ಪಾಠ, ಪುಸ್ತಕ, ವೈವಾ, ಕೇಸ್ ಶೀಟ್ ಎಲ್ಲವೂ ಇಂಗ್ಲಿಷ್. ಆ ಇಂಗ್ಲಿಷನ್ನು ಕಲಿಸುವುದು ಮಾತ್ರ ಯಾರ ಹೊಣೆಯೂ ಆಗಿಲ್ಲ.

ಕಷ್ಟ ಎಲ್ಲಿದೆ ಎಂಬುದನ್ನು ಒಂದು ವಾರ್ಡಿನ ಉದಾಹರಣೆಯಿಂದ ಹೇಳುತ್ತೇವೆ. ಉತ್ತರದ ಜಿಲ್ಲೆಯೊಂದರ ವಿದ್ಯಾರ್ಥಿ ಮೆಡಿಸಿನ್ ವಾರ್ಡಿನಲ್ಲಿ ಅಜ್ಜಿಯೊಬ್ಬರ ಹಿಸ್ಟರಿ ತೆಗೆದುಕೊಂಡ. "ಏರು ಹತ್ತಿದ್ರ ದಮ್ಮು ಬರ್ತೈತಪ್ಪಾ. ಅಂಗಾತ ಮಲಗಾಕ ಆಗಂಗಿಲ್ಲ, ನಡುರಾತ್ರ್ಯಾಗ ಉಸಿರು ಕಟ್ಟಿದಂಗಾಗಿ ಎದ್ದು ಕುಂದರ್ತೀನಿ" ಎಂದರು ಅಜ್ಜಿ. ಆತ ಎಷ್ಟು ದಿಂಬು ಬೇಕಾಗುತ್ತವೆ, ಎದ್ದು ಕೂತ ಎಷ್ಟು ಹೊತ್ತಿಗೆ ಆರಾಮ ಅನ್ನಿಸುತ್ತದೆ, ಕಾಲು ಬಾತುಕೊಳ್ಳುತ್ತವೆಯೇ ಎಂದೆಲ್ಲ ಕೇಳಿದ. ಹೃದಯ ಸೋಲುತ್ತಿರುವಾಗ ಕೇಳಬೇಕಾದ ಪ್ರಶ್ನೆಗಳೇ ಇವು. ಯೂನಿಟ್ ಮುಖ್ಯಸ್ಥರು ಬಂದಾಗ "ಪೇಷೆಂಟ್ ವಾಸ್ ಅಪರೆಂಟ್ಲಿ ನಾರ್ಮಲ್" ಎಂಬ, ಸೀನಿಯರ್‌ಗಳಿಂದ ಬಾಯಿಪಾಠವಾಗಿ ಬಂದ ಸಾಲಿನಿಂದ ಶುರುಮಾಡಿದ. "ಬ್ರೆತ್‌ಲೆಸ್‌ನೆಸ್ ಪ್ರೆಸೆಂಟ್" ಎಂದು ಅಲ್ಲಿಗೇ ನಿಂತ. ಮಲಗಿದಾಗ ಉಸಿರು ಕಟ್ಟುವುದಕ್ಕೆ ಹೇಳುವ ಆರ್ಥಾಪ್ನಿಯಾ ಎಂಬ ಪದ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಅಜ್ಜಿಯ ರಾತ್ರಿಯ ಜೊತೆ ಸೇರಿಸಿ ಒಂದು ವಾಕ್ಯ ಮಾಡಲು ಬರಲಿಲ್ಲ. ಹಿಸ್ಟರಿಯನ್ನೇ ತೆಗೆದಿಲ್ಲ ಎಂದು ಮುಖ್ಯಸ್ಥರು ಎಲ್ಲರೆದುರು ಗದರಿದರು.

ಇದನ್ನು ನೋಡಿದ ಮೇಲೆ ನಮಗೆ ಖಚಿತವಾಗಿ ಅನ್ನಿಸಿದ್ದು ಇದು: ತೊಡಕು ಇರುವುದು ದೊಡ್ಡ ಪದಗಳಲ್ಲಿ ಅಲ್ಲ. ಕೋಲಿಸಿಸ್ಟೆಕ್ಟಮಿ ಎಂಬ ಪದ ಕಾನ್ವೆಂಟಿನಲ್ಲಿ ಓದಿದವರಿಗೂ ಹೊಸದೇ. ಗ್ರೀಕ್, ಲ್ಯಾಟಿನ್ ಮೂಲದ ಇಂಥ ಪದಗಳನ್ನು ನಮ್ಮ ಮಕ್ಕಳು ಬೇಗ ಕಲಿಯುತ್ತಾರೆ. ಅವರು ಎಡವುವುದು ಸಣ್ಣ ಪುಟ್ಟ ಮಾತುಗಳಲ್ಲಿ. ನೋವು ಮೆಲ್ಲಗೆ ಶುರುವಾಯಿತೋ ಒಮ್ಮೆಲೇ ಬಂತೋ, ಬೆನ್ನಿಗೆ ಹೋಗುತ್ತದೋ ಭುಜಕ್ಕೆ ಹೋಗುತ್ತದೋ, ಉಂಡರೆ ಹೆಚ್ಚುತ್ತದೋ ತಗ್ಗುತ್ತದೋ ಎಂಬುದನ್ನು ಹೇಳುವ ಇಂಗ್ಲಿಷ್ ಅದು. ಕೇಳುವವರಿಗೆ ಇದು ಸಾಮಾನ್ಯ ಇಂಗ್ಲಿಷ್ ಎನಿಸುತ್ತದೆ. ಹಾಗಾಗಿ ಯಾವ ಅಧ್ಯಾಪಕರೂ ಕಲಿಸುವುದಿಲ್ಲ. ಸ್ಪೋಕನ್ ಇಂಗ್ಲಿಷ್ ತರಗತಿಗಳಲ್ಲಿ ಹೋಟೆಲಿನಲ್ಲಿ ಊಟ ಕೇಳುವುದು, ಇಂಟರ್‌ವ್ಯೂನಲ್ಲಿ ಪರಿಚಯ ಹೇಳಿಕೊಳ್ಳುವುದು ಇರುತ್ತದೆಯೇ ಹೊರತು ಇದು ಇರುವುದಿಲ್ಲ.

2019ರಲ್ಲಿ ಸಾಮರ್ಥ್ಯಾಧಾರಿತ ಪಠ್ಯಕ್ರಮ ಜಾರಿಗೆ ಬಂದಾಗ ಫೌಂಡೇಶನ್ ಕೋರ್ಸ್‌ಗೆ 175 ಗಂಟೆ ಇಟ್ಟು, ಅದರಲ್ಲಿ ಭಾಷೆ ಮತ್ತು ಕಂಪ್ಯೂಟರ್ ಕೌಶಲ್ಯಕ್ಕೆ 40 ಗಂಟೆ ಕೊಡಲಾಯಿತು. ಅದು ಒಳ್ಳೆಯ ಹೆಜ್ಜೆ ಎಂದು ನಾವು ಮನಸಾರೆ ಒಪ್ಪುತ್ತೇವೆ. ಆದರೆ ಆ ಗಂಟೆಗಳು ಬರುವುದು ಕೋರ್ಸಿನ ಆರಂಭದಲ್ಲಿ, ಅಂದರೆ ವಿದ್ಯಾರ್ಥಿ ಇನ್ನೂ ಒಬ್ಬ ರೋಗಿಯನ್ನೂ ಮಾತನಾಡಿಸದ ಹೊತ್ತಿನಲ್ಲಿ. ವಾರ್ಡಿಗೆ ಕಾಲಿಟ್ಟಾಗ ಬೇಕಾಗುವ ಭಾಷೆಯನ್ನು ಅಲ್ಲಿಯೇ ಕಲಿಸಬೇಕು.

ಆದ್ದರಿಂದ ನಮ್ಮ ಮೊದಲ ಹಾಗೂ ಮುಖ್ಯ ಬೇಡಿಕೆ: ಕ್ಲಿನಿಕಲ್ ಪೋಸ್ಟಿಂಗ್ ಆರಂಭವಾಗುವ ವರ್ಷದಲ್ಲಿ ವಾರಕ್ಕೊಂದು ಅವಧಿಯನ್ನು ಕೇಸ್ ಮಂಡನೆಯ ಭಾಷೆಗೆಂದು ಮೀಸಲಿಡಬೇಕು. ಅದನ್ನು ಒಬ್ಬ ವೈದ್ಯ ಅಧ್ಯಾಪಕರು ಮತ್ತು ಒಬ್ಬ ಭಾಷಾ ಅಧ್ಯಾಪಕರು ಜೊತೆಯಾಗಿ ನಡೆಸಬೇಕು. ರೋಗಿಯ ಕನ್ನಡದಿಂದಲೇ ತರಗತಿ ಶುರುವಾಗಲಿ. ತ್ರಾಸು, ಸಂಕಟ, ತಲೆಸುತ್ತು, ಎದೆ ಉರಿ ಎಂದು ಜನ ಹೇಳುವಾಗ ಏನನ್ನು ಹೇಳುತ್ತಿದ್ದಾರೆ, ಮರುಪ್ರಶ್ನೆ ಏನು ಕೇಳಬೇಕು, ಕೊನೆಗೆ ಕೇಸ್ ಶೀಟಿನಲ್ಲಿ ಏನು ಬರೆಯಬೇಕು ಎಂಬ ಕ್ರಮದಲ್ಲಿ ಸಾಗಲಿ. ತಲೆಸುತ್ತು ಎಂದವರಿಗೆಲ್ಲ ವರ್ಟಿಗೋ ಎಂದು ಬರೆದರೆ ಚಿಕಿತ್ಸೆಯೇ ದಾರಿ ತಪ್ಪುತ್ತದೆ.

ಮೊದಲ ವರ್ಷದ ಅನಾಟಮಿ ಪಾಠದ ಜೊತೆಗೇ ಪದಗಳ ಕಟ್ಟಡವನ್ನೂ ಕಲಿಸಬೇಕು. ಇಲಿಯಮ್ ಎಂದರೆ ಸಣ್ಣಕರುಳಿನ ಕೊನೆಯ ಭಾಗ. ಸ್ಪೆಲ್ಲಿಂಗ್‌ನಲ್ಲಿ ಒಂದಕ್ಷರ ಬದಲಾದರೆ ಸೊಂಟದ ಮೂಳೆ, ಉಚ್ಚಾರಣೆ ಎರಡಕ್ಕೂ ಒಂದೇ. ಡಿಸ್ಫೇಜಿಯಾ ನುಂಗುವ ತೊಂದರೆ, ಡಿಸ್ಫೇಸಿಯಾ ಮಾತಿನ ತೊಂದರೆ. ಕನ್ನಡದಲ್ಲಿ ಡಾ. ಡಿ. ಎಸ್. ಶಿವಪ್ಪನವರು ವೈದ್ಯಪದಗಳ ಹುಟ್ಟು, ರಚನೆಯ ಬಗ್ಗೆ ದುಡಿದಿದ್ದಾರೆ. ಆ ದಾರಿಯಲ್ಲಿ ವಿಶ್ವವಿದ್ಯಾಲಯವೇ ಕನ್ನಡ ವಿವರಣೆಯುಳ್ಳ ಒಂದು ಕೈಪಿಡಿ ತಂದು ಪ್ರತಿ ವಿದ್ಯಾರ್ಥಿಗೂ ಕೊಡಬೇಕೆಂದು ಕೋರುತ್ತೇವೆ. ಔಷಧ ಚೀಟಿ ಬರೆಯುವ ಕ್ರಮವೂ ಅದರಲ್ಲಿರಲಿ. ಇನ್ಸುಲಿನ್ ಪ್ರಮಾಣದ ಮುಂದೆ ಯೂನಿಟ್ ಎಂದು ಪೂರ್ತಿ ಬರೆಯದೆ ಮೊದಲ ಅಕ್ಷರವನ್ನಷ್ಟೇ ಗೀಚಿದರೆ ಅದನ್ನು ಸೊನ್ನೆ ಎಂದು ಓದಿ ಹತ್ತುಪಟ್ಟು ಔಷಧ ಕೊಡುವ ಅಪಾಯವಿದೆ. ಭಾಷೆಯ ತಪ್ಪು ಇಲ್ಲಿ ನೇರವಾಗಿ ರೋಗಿಯ ಮೈಮೇಲೆ ಬೀಳುತ್ತದೆ.

ಅಖಿಲ ಭಾರತ ಕೋಟಾದಲ್ಲಿ ಹೊರರಾಜ್ಯಗಳಿಂದ ಬಂದವರಿಗೆ ಇಂಗ್ಲಿಷ್ ಇದೆ, ವಾರ್ಡಿನ ಕನ್ನಡ ಇಲ್ಲ. ನಮ್ಮವರದು ಇದಕ್ಕೆ ತಿರುಗುಮುರುಗು. ಇಬ್ಬರನ್ನೂ ಒಂದೇ ರೋಗಿಯ ಬಳಿಗೆ ಜೋಡಿಯಾಗಿ ಕಳಿಸಿದರೆ ಒಬ್ಬರಿಂದೊಬ್ಬರು ಕಲಿಯುತ್ತಾರೆ. ಇದಕ್ಕೆ ಹಣವೂ ಬೇಡ, ಹೊಸ ಹುದ್ದೆಯೂ ಬೇಡ, ಒಂದು ಸುತ್ತೋಲೆ ಸಾಕು.

ದಯವಿಟ್ಟು ಇದನ್ನು ಇನ್ನೊಂದು ಪರೀಕ್ಷೆಯ ವಿಷಯವಾಗಿ ಮಾಡಬೇಡಿ. "ವೀಕ್ ಸ್ಟೂಡೆಂಟ್ಸ್" ಎಂದು ಪಟ್ಟಿ ಮಾಡಿ ಬೇರೆ ಕೊಠಡಿಯಲ್ಲಿ ಕೂರಿಸುವುದೂ ಬೇಡ. ಆ ಅವಮಾನಕ್ಕೆ ಹೆದರಿಯೇ ಎಷ್ಟೋ ಮಕ್ಕಳು ವೈವಾದಲ್ಲಿ ಗೊತ್ತಿದ್ದದ್ದನ್ನೂ ಹೇಳದೆ ಬರುತ್ತಾರೆ. ಆಂತರಿಕ ಮೌಲ್ಯಮಾಪನದ ವೈವಾದಲ್ಲಿ ವಿದ್ಯಾರ್ಥಿ ತಡವರಿಸಿದಾಗ ಕನ್ನಡದಲ್ಲಿ ವಿವರಿಸಲು ಅವಕಾಶ ಕೊಟ್ಟು, ವಿಷಯ ತಿಳಿದಿದೆಯೇ ಎಂದು ನೋಡಿದ ಮೇಲೆ ಅಂಕ ಕೊಡುವಂತೆ ಪರೀಕ್ಷಕರಿಗೆ ಸೂಚಿಸಬೇಕು.

ಮಧ್ಯಪ್ರದೇಶ 2022ರಲ್ಲಿ ಹಿಂದಿಯಲ್ಲಿ ಎಂಬಿಬಿಎಸ್ ಪಠ್ಯಪುಸ್ತಕ ತಂದಿದೆ. ಕನ್ನಡದಲ್ಲೂ ಬರಲಿ ಎನ್ನುವವರ ಜೊತೆ ನಾವಿದ್ದೇವೆ. ಆದರೆ ನೀಟ್ ಪಿಜಿ ಪರೀಕ್ಷೆ ಇಂಗ್ಲಿಷ್‌ನಲ್ಲೇ ಇದೆ, ಇಂದು ಮೊದಲ ವರ್ಷದಲ್ಲಿ ಕೂತಿರುವ ಮಗು ಆ ಪುಸ್ತಕಗಳಿಗಾಗಿ ಕಾಯಲಾರದು.

ಮುಂದಿನ ಶೈಕ್ಷಣಿಕ ವರ್ಷಕ್ಕೆ ಮುನ್ನ ಈ ಬೇಡಿಕೆಗಳನ್ನು ಅಕಾಡೆಮಿಕ್ ಕೌನ್ಸಿಲ್ ಮುಂದಿಡಬೇಕೆಂದೂ, ಕೈಪಿಡಿ ಸಿದ್ಧಪಡಿಸುವ ಸಮಿತಿಯಲ್ಲಿ ಕನ್ನಡ ಮಾಧ್ಯಮದಿಂದ ಬಂದು ಈಗ ಹೌಸ್ ಸರ್ಜನ್ ಆಗಿರುವ ಇಬ್ಬರಿಗಾದರೂ ಸ್ಥಾನ ಕೊಡಬೇಕೆಂದೂ, ನಮ್ಮ ಪ್ರತಿನಿಧಿಗಳಿಗೆ ಭೇಟಿಯ ದಿನಾಂಕ ತಿಳಿಸಬೇಕೆಂದೂ ವಿನಂತಿಸುತ್ತೇವೆ.


ತಮ್ಮ ವಿಶ್ವಾಸಿಗಳು
(ಸಹಿ ಮಾಡಿದವರ ಪಟ್ಟಿ ಲಗತ್ತಿಸಿದೆ)