ಬಂದ ಸುದ್ದಿಯನ್ನು ಬಿತ್ತುವ ಮುನ್ನ



ಬಿತ್ತನೆಗೆ ಮುಂಚೆ ಬೀಜದ ಮೊಳಕೆ ಪರೀಕ್ಷೆ ಮಾಡಿರಿ ಎಂದು ಪ್ರತಿ ಮುಂಗಾರಿನಲ್ಲಿಯೂ ಹೇಳುತ್ತೇವೆ. ಚೀಲದಿಂದ ನೂರು ಕಾಳು ಎಣಿಸಿ ತೆಗೆದು, ಒದ್ದೆ ಗೋಣಿತಾಟಿನಲ್ಲಿ ಸಾಲಾಗಿ ಇಟ್ಟು ಸುತ್ತಿ, ನಾಲ್ಕಾರು ದಿನ ತೇವ ಆರದಂತೆ ನೋಡಿಕೊಂಡು, ಮೊಳೆತವೆಷ್ಟು ಎಂದು ಎಣಿಸುವ ಈ ಕೆಲಸಕ್ಕೆ ಕಾಸಿನ ಖರ್ಚಿಲ್ಲ. ಆದರೆ ಅದರಿಂದ ಒಂದು ಹಂಗಾಮು ಉಳಿಯುತ್ತದೆ. ಈಗ ದಿನಬೆಳಗಾದರೆ ನಿಮ್ಮ ಕೈಗೆ ಬಂದು ಬೀಳುವ ಇನ್ನೊಂದು ಬಗೆಯ ಬೀಜವಿದೆ. ಅದು ಮೊಬೈಲಿನ ಗುಂಪುಗಳಲ್ಲಿ ಬರುವ ಸುದ್ದಿ. ಅದನ್ನು ನಂಬಿ ನಾವು ಮಾಲು ಮಾರುತ್ತೇವೆ, ಔಷಧಿ ಹೊಡೆಯುತ್ತೇವೆ, ಹಣ ಕಳುಹಿಸುತ್ತೇವೆ. ಆದರೆ ಆ ಬೀಜಕ್ಕೆ ಪರೀಕ್ಷೆ ಮಾಡುವವರು ನಮ್ಮಲ್ಲಿ ಎಷ್ಟು ಜನ?

ಫೋನನ್ನು ದೂರಿ ಪ್ರಯೋಜನವಿಲ್ಲ. ಸ್ಪ್ರೇಯರಿನಂತೆ ಅದೂ ಒಂದು ಸಲಕರಣೆ. 2018ರ ಮೇ ತಿಂಗಳಿನಲ್ಲಿ ಮೆಕ್ಕೆಜೋಳದ ಫಾಲ್ ಸೈನಿಕ ಹುಳು ಭಾರತದಲ್ಲಿಯೇ ಮೊದಲು ನಮ್ಮ ಶಿವಮೊಗ್ಗದಲ್ಲಿ ಕಾಣಿಸಿತು. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷಿನ ವೈ ಅಕ್ಷರದಂತಹ ಗುರುತು, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆಗಳು, ಇವು ಅದರ ಲಕ್ಷಣಗಳು. ಹೊಲದಲ್ಲಿ ನಿಂತು ಹುಳುವಿನ ಚಿತ್ರ ತೆಗೆದು ಕೃಷಿ ವಿಜ್ಞಾನ ಕೇಂದ್ರಕ್ಕೆ ಕಳುಹಿಸಿದರೆ ಅದೇ ದಿನ ಉತ್ತರ ಪಡೆಯಲು ಇಂದು ಸಾಧ್ಯವಿದೆ. ಹಿಂದೆ ಇದಕ್ಕಾಗಿ ಹುಳುವನ್ನು ಸೀಸೆಯಲ್ಲಿ ಹಾಕಿಕೊಂಡು ತಾಲ್ಲೂಕು ಕೇಂದ್ರಕ್ಕೆ ಬಸ್ಸು ಹತ್ತಬೇಕಾಗಿತ್ತು. ಇಷ್ಟು ಅನುಕೂಲವಿರುವ ಸಲಕರಣೆಯಿಂದಲೇ ಹಾನಿಯೂ ಆಗುತ್ತಿರುವುದರಿಂದ ಈ ಮಾತುಗಳನ್ನು ಬರೆಯಬೇಕಾಗಿದೆ.

ಟೊಳ್ಳು ಕಾಳು

ಮೊದಲನೆಯದು ಪೂರ್ತಿ ಸುಳ್ಳು ಸುದ್ದಿ. 2020ರ ಆರಂಭದಲ್ಲಿ, ಕೊರೊನಾ ರೋಗದ ಭಯ ಹಬ್ಬುತ್ತಿದ್ದಾಗ, ಕೋಳಿ ಮಾಂಸ ತಿಂದರೆ ಆ ರೋಗ ಬರುತ್ತದೆ ಎಂಬ ಗಾಳಿಸುದ್ದಿ ವಾಟ್ಸಾಪಿನಲ್ಲಿ ಹರಡಿತು. ಕೋಳಿಯಿಂದ ಈ ರೋಗ ಹರಡುವುದಿಲ್ಲವೆಂದು ಸರ್ಕಾರ ಹೇಳಿತು, ಪಶುವೈದ್ಯರೂ ಹೇಳಿದರು. ಆದರೆ ಆ ಹೊತ್ತಿಗೆ ಸುಳ್ಳು ಊರೂರು ಸುತ್ತಿ ಬಂದಿತ್ತು. ಮೇವಿನ ಖರ್ಚೂ ಹುಟ್ಟದ ಮಟ್ಟಕ್ಕೆ ಬೆಲೆ ಕುಸಿಯಿತು. ಮಾರ್ಚ್ ತಿಂಗಳಿನಲ್ಲಿ ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನ ರೈತರೊಬ್ಬರು ಸಾಕಿದ ಸಾವಿರಾರು ಕೋಳಿಗಳನ್ನು ಗುಂಡಿ ತೋಡಿಸಿ ಜೀವಂತವಾಗಿ ಹೂಳಬೇಕಾಯಿತು. ಆ ಕೋಳಿಗಳಿಗೆ ಯಾವ ರೋಗವೂ ಇರಲಿಲ್ಲ. ಅದಕ್ಕಿಂತ ಯೋಚಿಸಬೇಕಾದ ಸಂಗತಿಯೆಂದರೆ, ಆ ಸುದ್ದಿಯನ್ನು ಮುಂದಕ್ಕೆ ಕಳುಹಿಸಿದವರಲ್ಲಿ ರೈತರೂ ಇದ್ದಿರಲೇಬೇಕು. ತಮ್ಮಂತಹ ಇನ್ನೊಬ್ಬ ರೈತನ ಗುಂಡಿಗೆ ತಾವೂ ಒಂದು ಹಿಡಿ ಮಣ್ಣು ಹಾಕಿದೆವೆಂದು ಅವರಿಗೆ ತಿಳಿದಿರಲಾರದು.

ಸುಳ್ಳು ಸುದ್ದಿ ಕೋಳಿಯನ್ನು ಮಾತ್ರ ಕೊಲ್ಲುವುದಿಲ್ಲ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರ್ ಒಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಗೆಳೆಯರ ಆ ತಂಡ ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಯಿತು. ಅವರ ಕಾರು ಮುರ್ಕಿ ತಲುಪುವ ಮುನ್ನವೇ ವಾಟ್ಸಾಪ್ ಸಂದೇಶ ಅಲ್ಲಿಗೆ ತಲುಪಿತ್ತು. ಎತ್ತು ಈಯಿತು ಎಂದರೆ ಕರು ಕಟ್ಟು ಎನ್ನುವ ಗಾದೆಗೆ ನಾವು ನಗುತ್ತೇವೆ. ಅದೇ ಆತುರದಿಂದ ಒಂದು ಜೀವ ಹೋಯಿತು.

ಅಳತೆ ತಪ್ಪಿದ ಸುದ್ದಿ

ಎರಡನೆಯದು ನಿಜವಾದ ಸುದ್ದಿಯೇ, ಆದರೆ ಅಳತೆ ಇಲ್ಲದ್ದು. 2022ರ ಸೆಪ್ಟೆಂಬರ್ ಕೊನೆಯಲ್ಲಿ ಕೇಂದ್ರ ಸರ್ಕಾರವು ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ನಿರ್ಬಂಧವಿಲ್ಲದೆ ತರಲು ಅನುಮತಿ ಕೊಟ್ಟಿತು. ‘ಭೂತಾನಿನ ಅಡಿಕೆ ಬಂತು’ ಎಂಬ ಸುದ್ದಿಯಿಂದ ಮಲೆನಾಡಿನಲ್ಲಿ ಆತಂಕ ಹುಟ್ಟಿತು. ಸುದ್ದಿ ನಿಜ. ಅದನ್ನು ವಿರೋಧಿಸುವ ಹಕ್ಕೂ ಬೆಳೆಗಾರರಿಗೆ ಇತ್ತು. ಆದರೆ ನಮ್ಮ ದೇಶದಲ್ಲಿ ಬೆಳೆಯುವ ಅಡಿಕೆ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಹೆಚ್ಚು. ಬರುವುದು 17,000 ಟನ್ ಹಸಿ ಕಾಯಿ, ಒಣಗಿದರೆ ಅದು ಇನ್ನೂ ಕಡಿಮೆ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಬೆಳೆಗಾರನಿಗೂ, ಗಾಬರಿಯಿಂದ ಮನೆಯಲ್ಲಿದ್ದ ಮಾಲನ್ನು ಸಿಕ್ಕ ಬೆಲೆಗೆ ಕೊಡಲು ಹೊರಡುವವನಿಗೂ ಎಷ್ಟು ವ್ಯತ್ಯಾಸವೆಂಬುದನ್ನು ನೀವೇ ಯೋಚಿಸಿರಿ. ಗಾಬರಿಯಲ್ಲಿ ಮಾರುವವನಿದ್ದರೆ ಕೊಳ್ಳುವವನು ನಿಧಾನವಾಗಿಯೇ ಕಾಯುತ್ತಾನೆ.

ಮೂರನೆಯದು ಹಳೆಯ ಬೀಜ. ಒಂದು ಕಾಲಕ್ಕೆ ಅದು ಚೆನ್ನಾಗಿತ್ತು, ಈಗ ಮೊಳೆಯುವುದಿಲ್ಲ. ಈರುಳ್ಳಿಯ ರಫ್ತನ್ನು 2023ರ ಡಿಸೆಂಬರ್ 8ರಿಂದ ನಿಷೇಧಿಸಲಾಯಿತು. 2024ರ ಮೇ 4ರಂದು ನಿಷೇಧವನ್ನು ತೆಗೆದು ಸುಂಕ ಹಾಕಲಾಯಿತು. ಆ ಸುಂಕವೂ 2025ರ ಏಪ್ರಿಲ್ 1ರಿಂದ ರದ್ದಾಯಿತು. ಆ ಡಿಸೆಂಬರಿನ ಆದೇಶದ ಚಿತ್ರವನ್ನು, ತಾರೀಖಿನ ಭಾಗ ಕತ್ತರಿಸಿ, ಕೊಯ್ಲಿನ ವಾರದಲ್ಲಿ ಯಾರಾದರೂ ಗುಂಪಿಗೆ ಹಾಕಿದರೆ ಚಳ್ಳಕೆರೆಯ ರೈತನು ಏನು ಮಾಡಬೇಕು? ಮೊದಲು ತಾರೀಖು ಎಲ್ಲಿ ಎಂದು ಕೇಳಬೇಕು. ತಾರೀಖಿಲ್ಲದ ಬೀಜದ ಚೀಲವನ್ನು ನಾವು ಕೊಳ್ಳುವುದಿಲ್ಲ. ತಾರೀಖಿಲ್ಲದ ಸುದ್ದಿಗೂ ಅದೇ ನಿಯಮ ಇರಲಿ.

ಆಟದ ಯುದ್ಧ, ನಿಜದ ಬೆಲೆ

ದೂರದ ದೇಶದ ಸುದ್ದಿ ನಮಗೇಕೆ ಎನ್ನುವವರಿದ್ದಾರೆ. ಪೊಟ್ಯಾಷ್ ಗೊಬ್ಬರ ನಮಗೆ ಬಹುತೇಕ ಪೂರ್ತಿಯಾಗಿ ಹೊರದೇಶದಿಂದಲೇ ಬರಬೇಕು. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದಾಗ ಸೂರ್ಯಕಾಂತಿ ಎಣ್ಣೆಯ ಬೆಲೆ ನಮ್ಮ ಊರಿನ ಅಂಗಡಿಯಲ್ಲಿ ಏರಿತು. ಏಕೆಂದರೆ ಭಾರತಕ್ಕೆ ಆ ಎಣ್ಣೆಯ ದೊಡ್ಡ ಪಾಲು ಬರುತ್ತಿದ್ದುದು ಉಕ್ರೇನಿನಿಂದ. ಆದ್ದರಿಂದ ಪ್ರಪಂಚದ ಸುದ್ದಿ ರೈತನಿಗೆ ಬೇಕೇ ಬೇಕು.

ಆದರೆ ಅದೇ ಯುದ್ಧದ ಹೆಸರಿನಲ್ಲಿ ಫೋನುಗಳಿಗೆ ಬಂದದ್ದು ಏನು? ವಿಮಾನಗಳನ್ನು ಹೊಡೆದುರುಳಿಸುವ ವಿಡಿಯೋಗಳು. ಅವುಗಳಲ್ಲಿ ಹಲವು ಯುದ್ಧಭೂಮಿಯಲ್ಲಿ ತೆಗೆದವಲ್ಲ, ಆರ್ಮಾ 3 ಎಂಬ ಕಂಪ್ಯೂಟರ್ ಆಟದಿಂದ ತೆಗೆದವು. ಜನ ಮೋಸಹೋಗುತ್ತಿರುವುದನ್ನು ಕಂಡು, ಆ ಆಟವನ್ನು ತಯಾರಿಸಿದ ಕಂಪನಿಯೇ 2022ರ ನವೆಂಬರಿನಲ್ಲಿ ಇಂತಹ ವಿಡಿಯೋಗಳನ್ನು ಗುರುತಿಸುವುದು ಹೇಗೆಂದು ತಿಳಿಸಿತು. 2025ರ ಮೇ ತಿಂಗಳಿನಲ್ಲಿ ಭಾರತ ಮತ್ತು ಪಾಕಿಸ್ತಾನಗಳ ನಡುವೆ ಘರ್ಷಣೆ ನಡೆದಾಗಲೂ ಆಟದ ದೃಶ್ಯಗಳು ನಿಜವಾದ ದಾಳಿಯೆಂಬ ಹೆಸರಿನಲ್ಲಿ ಓಡಾಡಿದವು. ಅವು ಸುಳ್ಳೆಂದು ಕೇಂದ್ರದ ವಾರ್ತಾ ಇಲಾಖೆಯ ಸುದ್ದಿ ಪರಿಶೀಲನಾ ಘಟಕವೇ ಹೇಳಬೇಕಾಯಿತು. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದ್ದು ಇಂದಿಗೇ ಸರಿಯಾಗಿ ಹೊಂದುತ್ತದೆ.

ಗೆದ್ದವನ ಚಿತ್ರ

ಆಟದ ವಿಷಯಕ್ಕೆ ಬಂದಾಗ ಇನ್ನೊಂದು ಮಾತನ್ನು ಹೇಳಲೇಬೇಕು. ಹುಡುಗರು ಸಂಜೆ ಅರ್ಧ ಗಂಟೆ ಫೋನಿನಲ್ಲಿ ಆಟವಾಡಿದರೆ ಮನೆ ಮುಳುಗುವುದಿಲ್ಲ. ಚದುರಂಗವನ್ನು ಫೋನಿನಲ್ಲಿಯೇ ಕಲಿತು ಚೆನ್ನಾಗಿ ಆಡುವ ಮಕ್ಕಳಿದ್ದಾರೆ. ಮನೆ ಮುಳುಗುವುದು ಆಟಕ್ಕೆ ಹಣ ಕಟ್ಟಿದಾಗ. ಧರ್ಮರಾಯನಂತಹವನೇ ಪಗಡೆಯಲ್ಲಿ ರಾಜ್ಯ ಕಳೆದುಕೊಂಡ ಕಥೆ ನಮ್ಮ ಬಯಲಾಟಗಳಲ್ಲಿ ಇಂದಿಗೂ ನಡೆಯುತ್ತದೆ. ಆದರೂ ಗುಂಪಿನಲ್ಲಿ ‘ನಾನು ಇಷ್ಟು ಸಾವಿರ ಗೆದ್ದೆ’ ಎಂಬ ಚಿತ್ರ ಬಂದರೆ ಮನಸ್ಸು ಜಾರುತ್ತದೆ. ಗೆದ್ದವನು ಚಿತ್ರ ಹಾಕುತ್ತಾನೆ, ಸೋತವನು ಸುಮ್ಮನಿರುತ್ತಾನೆ. ಆದ್ದರಿಂದ ಆ ಚಿತ್ರ ನಿಜವಾಗಿದ್ದರೂ ಸುದ್ದಿ ಸುಳ್ಳೇ.

ಲೆಕ್ಕ ಹಾಕಿ ನೋಡಿರಿ. ಹತ್ತು ಜನ ತಲಾ 100 ರೂಪಾಯಿ ಕಟ್ಟಿ ಆಡಲು ಕುಳಿತರು ಎನ್ನೋಣ. ಒಟ್ಟು 1,000 ರೂಪಾಯಿ ಆಯಿತು. ಆಡಿಸುವವನು ಪ್ರತಿ ಸುತ್ತಿಗೆ ನೂರಕ್ಕೆ ಹತ್ತರಂತೆ ತನ್ನ ಪಾಲು ಹಿಡಿದುಕೊಳ್ಳುತ್ತಾನೆ. ಉಳಿದ ಹಣವನ್ನೇ ಮತ್ತೆ ಮತ್ತೆ ಪೂರ್ತಿ ಕಟ್ಟಿ ಆಡಿದರೆ ಹತ್ತು ಸುತ್ತು ಮುಗಿಯುವ ವೇಳೆಗೆ ಆ ಹತ್ತು ಜನರ ನಡುವೆ ಉಳಿಯುವುದು ಸುಮಾರು 350 ರೂಪಾಯಿ ಮಾತ್ರ. ಯಾರು ಎಷ್ಟು ಜಾಣತನದಿಂದ ಆಡಿದರೂ ಹೋದ 650 ರೂಪಾಯಿ ಹಿಂದಕ್ಕೆ ಬರುವುದಿಲ್ಲ. ಕಾಲುವೆಯ ತುಂಬ ಬಿರುಕಿದ್ದರೆ ಕೊನೆಯ ಗದ್ದೆಗೆ ನೀರು ಮುಟ್ಟುವುದೆಂತು?

ಇಂತಹ ಆಟಗಳನ್ನು ತಡೆಯಲು ನಮ್ಮ ರಾಜ್ಯ 2021ರಲ್ಲಿ ಮಾಡಿದ ಕಾನೂನನ್ನು ಉಚ್ಚ ನ್ಯಾಯಾಲಯ 2022ರ ಫೆಬ್ರವರಿ 14ರಂದು ರದ್ದುಪಡಿಸಿತು. ಆನಂತರ 2025ರ ಆಗಸ್ಟಿನಲ್ಲಿ ಸಂಸತ್ತು ದೇಶಕ್ಕೆಲ್ಲ ಒಂದು ಕಾನೂನನ್ನು ಅಂಗೀಕರಿಸಿತು. ಆಗಸ್ಟ್ 22ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಭೇದವಿಲ್ಲದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟವನ್ನು ನಡೆಸುವವರಿಗೆ ಮೂರು ವರ್ಷಗಳವರೆಗೆ ಜೈಲು, ಒಂದು ಕೋಟಿ ರೂಪಾಯಿಗಳವರೆಗೆ ದಂಡವನ್ನು ಅದು ವಿಧಿಸುತ್ತದೆ. ಆಡಿದವನಿಗೆ ಶಿಕ್ಷೆಯಿಲ್ಲ. ಇದನ್ನು ಮುಖ್ಯವಾಗಿ ತಿಳಿದಿರಬೇಕು, ಏಕೆಂದರೆ ಹಣ ಕಳೆದುಕೊಂಡ ಹುಡುಗನು ಪೊಲೀಸರ ಭಯದಿಂದ ಮನೆಯವರಿಗೂ ಹೇಳದೆ ಒಳಗೊಳಗೇ ನೋಯುವುದುಂಟು. ಕಾನೂನು ಬಂದ ಬಳಿಕ ಹೆಸರಾಂತ ಕಂಪನಿಗಳು ಹಣದ ಆಟಗಳನ್ನು ನಿಲ್ಲಿಸಿದವು. ಗುಂಪಿನಲ್ಲಿ ಕೊಂಡಿ ಕಳುಹಿಸಿ ಗುಟ್ಟಾಗಿ ಆಡಿಸುವವರು ಉಳಿದುಕೊಂಡರೆ, ಅವರನ್ನು ಕೇಳಲು ಅಂಗಡಿಯೂ ಇಲ್ಲ, ವಿಳಾಸವೂ ಇಲ್ಲ. ಮನೆಯಲ್ಲಿ ಯಾರಾದರೂ ಇದರಲ್ಲಿ ಸಿಕ್ಕಿದ್ದರೆ ಬೈದು ಬಾಯಿ ಮುಚ್ಚಿಸಬೇಡಿರಿ. ಹತ್ತಿರ ಕೂರಿಸಿಕೊಂಡು ಎಷ್ಟು ಹೋಗಿದೆ, ಯಾರ ಹತ್ತಿರ ಸಾಲವಾಗಿದೆ ಎಂದು ಕೇಳಿರಿ. ಹೋದ ಹಣವನ್ನು ಮರಳಿ ಗೆಲ್ಲುತ್ತೇನೆಂಬ ಆಸೆಯನ್ನು ಅಲ್ಲಿಗೇ ಬಿಡಿಸಿರಿ.

ಯೋಜನೆಗಳ ಹೆಸರಿನಲ್ಲಿಯೂ ಮೋಸ ನಡೆಯುತ್ತಿದೆ. ‘ಪಿಎಂ ಕಿಸಾನ್’ ಎಂಬ ಹೆಸರಿಟ್ಟ ಫೈಲೊಂದು ಗುಂಪಿಗೆ ಬರುತ್ತದೆ. ಅದನ್ನು ಒತ್ತಿ ಫೋನಿಗೆ ಹಾಕಿಕೊಂಡರೆ ಅದು ನಿಮ್ಮ ಸಂದೇಶಗಳನ್ನೆಲ್ಲ ಓದಲು ಅನುಮತಿ ಕೇಳುತ್ತದೆ. ಕೊಟ್ಟಿರೆಂದರೆ ಬ್ಯಾಂಕಿನಿಂದ ಬರುವ ಒಟಿಪಿ ಕಳ್ಳನಿಗೆ ಸಿಕ್ಕಿತು. ಯಾವ ಸರ್ಕಾರಿ ಯೋಜನೆಗೂ ಗುಂಪಿನಲ್ಲಿ ಬಂದ ಫೈಲನ್ನು ಹಾಕಿಕೊಳ್ಳಬೇಡಿರಿ. ಹಣ ಹೋದದ್ದು ತಿಳಿದ ಕೂಡಲೆ 1930 ಸಂಖ್ಯೆಗೆ ಫೋನು ಮಾಡಿರಿ, ಬ್ಯಾಂಕಿಗೂ ತಿಳಿಸಿರಿ. ನಾಳೆ ನೋಡೋಣ ಎನ್ನುವಷ್ಟರಲ್ಲಿ ಆ ಹಣ ನಾಲ್ಕು ಖಾತೆ ದಾಟಿರುತ್ತದೆ.

ವಾಚನಾಲಯದಲ್ಲಿ ಒಂದು ಪುಸ್ತಕ

ಪರೀಕ್ಷೆ ಹೇಗೆ ಮಾಡಬೇಕು? ಮೂರು ಪ್ರಶ್ನೆಗಳು ಸಾಕು. ಹೇಳಿದವರು ಯಾರು? ಹೇಳಿದ್ದು ಯಾವಾಗ? ನನ್ನ ಊರಿಗೆ, ನನ್ನ ಬೆಳೆಗೆ ಅದು ಎಷ್ಟರಮಟ್ಟಿಗೆ ಸಂಬಂಧಪಟ್ಟದ್ದು? ಸಂದೇಶದ ಮೇಲೆ ಎರಡು ಬಾಣದ ಗುರುತು ಕಂಡರೆ ಅದು ಕೈಯಿಂದ ಕೈಗೆ ಅನೇಕ ಸಾರಿ ದಾಟಿ ಬಂದದ್ದು ಎಂದು ಅರ್ಥ. ಅಂತಹುದನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದು ಗುಂಪಿಗೆ ಮಾತ್ರ ಕಳುಹಿಸಲು ಸಾಧ್ಯವಾಗುವಂತೆ ವಾಟ್ಸಾಪ್ 2020ರ ಏಪ್ರಿಲಿನಲ್ಲಿಯೇ ಕಡಿವಾಣ ಹಾಕಿದೆ.

ಇದನ್ನು ಒಬ್ಬೊಬ್ಬರೇ ಮಾಡುವುದು ಕಷ್ಟ, ಹತ್ತು ಜನ ಸೇರಿದರೆ ಸುಲಭ. ನಿಮ್ಮ ಊರಿನ ವಾಚನಾಲಯದಲ್ಲಿ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಒಂದು ದಪ್ಪ ನೋಟುಪುಸ್ತಕ ಇಡಿರಿ. ಪ್ರತಿ ಪುಟಕ್ಕೆ ಮೂರು ಅಂಕಣ ಎಳೆಯಿರಿ. ಬಂದ ಸುದ್ದಿ ಏನು, ಯಾರನ್ನು ಕೇಳಿದೆವು, ತಿಳಿದದ್ದೇನು. ಬೆಳೆಗೆ, ಔಷಧಿಗೆ ಸಂಬಂಧಿಸಿದ್ದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿರಿ. ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕರೆ ಮಾಡಿದರೆ ದುಡ್ಡಿಲ್ಲದೆ, ಕನ್ನಡದಲ್ಲಿಯೇ ಉತ್ತರ ಸಿಗುತ್ತದೆ. ಮಾರುಕಟ್ಟೆಯ ಧಾರಣೆಯನ್ನು ಸರ್ಕಾರದ ಕೃಷಿ ಮಾರಾಟ ವಾಹಿನಿಯಲ್ಲಿ ನೋಡಿರಿ. ದೇಶ ವಿದೇಶದ ಸುದ್ದಿಯನ್ನು ಮೇಜಿನ ಮೇಲಿರುವ ಎರಡು ಪತ್ರಿಕೆಗಳೊಡನೆ ಹೋಲಿಸಿರಿ. ಶಾಲೆ ಕಲಿತ ಹುಡುಗ ಹುಡುಗಿಯರಿಗೆ ಬರೆಯುವ ಕೆಲಸ ಕೊಡಿರಿ, ಫೋನು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಓದಲು ಬಾರದವರಿಗೆ ಸಂಜೆ ಹೊತ್ತು ಓದಿ ಹೇಳಿರಿ.

ಉತ್ತರ ಸಿಗುವವರೆಗೆ ಆ ಸುದ್ದಿಯನ್ನು ಮುಂದಕ್ಕೆ ಕಳುಹಿಸಬಾರದು, ಅದನ್ನು ನಂಬಿ ಮಾಲು ಮಾರಬಾರದು ಎಂದು ಊರಿನವರೆಲ್ಲ ಒಪ್ಪಿಕೊಳ್ಳಿರಿ. ಒಂದು ರಾತ್ರಿ ತಡವಾದರೆ ಹೆಚ್ಚಿನ ಸುದ್ದಿಗಳಿಂದ ಯಾರಿಗೂ ನಷ್ಟವಿಲ್ಲ. ಗೋಕಾಕದ ಆ ಕೋಳಿಗಳ ವಿಷಯದಲ್ಲಿ ಸಾವಿರ ಊರುಗಳು ಒಂದೊಂದು ರಾತ್ರಿ ತಡೆದಿದ್ದರೆ ಆ ರೈತನ ಬಾಳು ಬೇರೆಯಾಗುತ್ತಿತ್ತು. ಈ ವಾರವೇ ನೋಟುಪುಸ್ತಕವನ್ನು ತೆರೆಯಿರಿ. ಒಂದು ತಿಂಗಳು ನಡೆಸಿ, ಬಂದ ಸುದ್ದಿಗಳಲ್ಲಿ ನೂರಕ್ಕೆ ಎಷ್ಟು ಮೊಳೆತವು, ಎಷ್ಟು ಟೊಳ್ಳಾದವು ಎಂಬುದನ್ನು ಎಣಿಸಿ ಈ ಪುಟಕ್ಕೆ ಬರೆದು ತಿಳಿಸಿರಿ. ಬೇರೆ ಊರಿನವರೂ ಅದನ್ನು ಓದಲಿ.