ಮಸಿ ತೊಳೆಯಿರಿ, ಇಟ್ಟಿಗೆ ಸುಲಿಯಬೇಡಿ

ಲಂಡನ್ನಿನ 10, ಡೌನಿಂಗ್ ಸ್ಟ್ರೀಟ್‌ನ ಕಪ್ಪು ಗೋಡೆ ಅಸಲಿಗೆ ಕಪ್ಪಲ್ಲ. 1960ರ ದಶಕದ ಆರಂಭದಲ್ಲಿ ಬ್ರಿಟಿಷ್ ಪ್ರಧಾನಿಯ ಆ ಮನೆಯನ್ನು ದುರಸ್ತಿ ಮಾಡುವಾಗ ಹೊರಬಿದ್ದದ್ದು ಹಳದಿ ಇಟ್ಟಿಗೆ. ಕಪ್ಪೆಲ್ಲ ಕಲ್ಲಿದ್ದಲ ಹೊಗೆಯದು. ಜನರಿಗೆ ರೂಢಿಯಾಗಿದ್ದ ರೂಪ ಕೆಡದಿರಲೆಂದು ತೊಳೆದ ಗೋಡೆಗೆ ಮತ್ತೆ ಕಪ್ಪು ಬಣ್ಣವನ್ನೇ ಬಳಿದರು! ಮಸಿಯ ಅಡಿಯಲ್ಲಿ ಇಟ್ಟಿಗೆಯ ಬಣ್ಣ ಉಳಿದೇ ಇರುತ್ತದೆ ಎಂಬುದಂತೂ ಸಾಬೀತಾಯಿತು.

ಕೊಡಗು, ಚಿಕ್ಕಮಗಳೂರಿನ ತೋಟದ ಬಂಗಲೆಗಳ ಹಳೆಯ ಇಟ್ಟಿಗೆ ಫೈರ್‌ಪ್ಲೇಸ್‌ಗಳಿಗೂ ಈ ಮಾತು ಸಲ್ಲುತ್ತದೆ. ಬಂಗಲೆ ಹೋಮ್‌ಸ್ಟೇ ಆಗುವಾಗ ಅವನ್ನು ಹೊಸದಾಗಿಸುವ ಆತುರ ಶುರುವಾಗುತ್ತದೆ. ಆಗ ಸುಲಭಕ್ಕೆ ಕೈಗೆ ಸಿಗುವುದು ಆಸಿಡ್, ಗ್ರೈಂಡರ್, ಎನಾಮೆಲ್ ಪೇಂಟ್. ಮೂರೂ ಬೇಡ.

ಮಸಿ ಎಂದರೆ ಬಹುಪಾಲು ಇಂಗಾಲ. ಹೈಡ್ರೋಕ್ಲೋರಿಕ್ ಆಸಿಡ್‌ಗೆ ಅದು ಕರಗುವುದಿಲ್ಲ. ಕರಗುವುದು ಇಟ್ಟಿಗೆಗಳ ನಡುವಿನ ಸುಣ್ಣದ ಗಾರೆ. ಗ್ರೈಂಡರ್ ಇನ್ನೂ ಕೆಟ್ಟದ್ದು. ಗೂಡಿನಲ್ಲಿ ಬೆಂದಾಗ ಗಟ್ಟಿಯಾದ ಹೊರಪದರವನ್ನೇ ಅದು ಕಿತ್ತುಹಾಕಿ, ಒಳಗಿನ ಮೆದು ಭಾಗವನ್ನು ಬಯಲಿಗೆ ತರುತ್ತದೆ. ಹಳೆಯ ಕಟ್ಟಡಗಳಿಗೆ ಮರಳು ಹೊಡೆದು ಉಜ್ಜುವುದರ ಅಪಾಯದ ಬಗ್ಗೆ ಅಮೆರಿಕದ ನ್ಯಾಷನಲ್ ಪಾರ್ಕ್ ಸರ್ವಿಸ್ 1979ರಲ್ಲೇ ಪ್ರತ್ಯೇಕ ಕೈಪಿಡಿ ಹೊರತಂದಿತ್ತು.

ಸರಿಯಾದ ದಾರಿ ಅಗ್ಗದ್ದು, ತುಸು ನಿಧಾನದ್ದು. ಮೊದಲು ಚಿಮಣಿ ಶುಚಿಯಾಗಬೇಕು. ಅಲ್ಲಿ ಅಂಟಿರುವ ಸೌದೆಹೊಗೆಯ ಜಿಡ್ಡಿಗೆ ಬೆಂಕಿ ಹೊತ್ತಿಕೊಳ್ಳಬಲ್ಲದು. ಇಟ್ಟಿಗೆ ಪೂರ್ತಿ ಆರಿದ ಮೇಲೆ ಒಣ ಬ್ರಷ್‌ನಿಂದ ಸಡಿಲ ಮಸಿ ಉದುರಿಸಿ, ನೀರು ಚಿಮುಕಿಸಬೇಕು. ಇಟ್ಟಿಗೆ ಮೊದಲೇ ನೀರು ಕುಡಿದಿದ್ದರೆ ಕೊಳೆನೀರನ್ನು ಅಷ್ಟಾಗಿ ಹೀರುವುದಿಲ್ಲ. ಬಳಿಕ ಪಾತ್ರೆ ತೊಳೆಯುವ ಸೋಪಿನ ನೀರು, ನೈಲಾನ್ ಬ್ರಷ್. ತಂತಿ ಬ್ರಷ್ಷಿನ ಚೂರು ಸಿಕ್ಕಿಕೊಂಡರೆ ತುಕ್ಕಿನ ಕಲೆ ಬೀಳುತ್ತದೆ. ಕೆಳಗಿನಿಂದ ಮೇಲಕ್ಕೆ ತೊಳೆದರೆ ಗೆರೆ ಮೂಡುವುದು ಕಡಿಮೆ. ಎಲ್ಲಕ್ಕೂ ಮುಂಚೆ ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಪರೀಕ್ಷೆ ಆಗಲಿ.

ಇಷ್ಟಾದರೂ ಬಣ್ಣ ಮಂಕಾಗಿದ್ದರೆ? ಇಟ್ಟಿಗೆಯ ಕೆಂಪು ಮಣ್ಣಿನಲ್ಲಿದ್ದ ಕಬ್ಬಿಣದ ಆಕ್ಸೈಡ್‌ನದು. ಕೆಮ್ಮಣ್ಣಿನ ಕೆಂಪೂ ಅದರದೇ. ಇಂಗ್ಲೆಂಡಿನ ಹಳೆಯ ಗಾರೆ ಕೆಲಸಗಾರರು ಮಾಸಿದ ಇಟ್ಟಿಗೆಗೆ ಕೆಮ್ಮಣ್ಣಿನ ತೆಳು ಲೇಪ ಕೊಡುತ್ತಿದ್ದರು. ಬೆಂಕಿ ತಾಗದ ಹೊರಮುಖಕ್ಕೆ ಇವತ್ತಿಗೂ ಅದು ಒಪ್ಪುತ್ತದೆ. ಎನಾಮೆಲ್ ಪೇಂಟ್ ಹಾಗಲ್ಲ. ಇಟ್ಟಿಗೆಯ ರಂಧ್ರಗಳನ್ನು ಮುಚ್ಚಿ, ತೇವವನ್ನು ಒಳಗೇ ಹಿಡಿದಿಡುತ್ತದೆ. ಬಿಸಿ ತಾಗಿದಲ್ಲಿ ಗುಳ್ಳೆ ಏಳುತ್ತದೆ. ಒಮ್ಮೆ ಬಳಿದ ಮೇಲೆ ತೆಗೆಸುವ ಖರ್ಚು ಬಳಿಸಿದ ಖರ್ಚನ್ನು ಮೀರುತ್ತದೆ. ‘ಹೆರಿಟೇಜ್ ಬಂಗಲೆ’ ಎಂದು ಬೋರ್ಡು ಹಾಕಿ ಬಾಡಿಗೆ ಪಡೆಯುವ ಮಾಲೀಕರು ಪೇಂಟ್ ಡಬ್ಬಿ ತರಿಸುವ ಮೊದಲು ಈ ಲೆಕ್ಕ ಹಾಕಬೇಕು.